ಕಂಪ್ಲಿ ಧಣೇರು ಕಡಲಿಗೆ ಗಾಳ ಹಾಕಿದ್ದು

ಹೊಸಪೇಟೆಯಲ್ಲಿ ಟಿಕೆಟ್ ಬುಕ್ಕಿಂಗ್ ಆಫೀಸು ಇಟ್ಟುಕೊಂಡವನಿಗೆ ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ಗಿರಾಕಿಗಳೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾರೆ. ಅದರಲ್ಲೂ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂದ ಆ ಐದಾರು ವರ್ಷ ನನಗೆ ಒಂದು ದಿನವೂ ಬರಿದಾಗಿ ಹೋಗಲಿಲ್ಲ. ಹಿಂದಿನ ವರ್ಷ ಮಂತ್ರಾಲಯದ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳ ಆಡಿದವರು ಈ ವರ್ಷ ಬಂದು, ವಿಮಾನದಲ್ಲಿ ಎಲ್ಲಕ್ಕಿಂತ ಮುಂದಿನ ಸೀಟು ಬೇಕು, ಡ್ರೈವರ್ ಪಕ್ಕದ್ದು, ಅನ್ನುತ್ತಿದ್ದರು. ಒಬ್ಬರು ಸಿಂಗಪುರಕ್ಕೆ ಹೋಗಿ ಬಂದು, ಊರೇನೋ ಚೆನ್ನಾಗಿದೆ, ಆದರೆ ಎಲ್ಲೂ ಧೂಳೇ ಇಲ್ಲ, ಜನ ಕೆಲಸ ಮಾಡೋ ಊರು ಅನ್ನಿಸಲಿಲ್ಲ ಅಂದರು.

ಇವರೆಲ್ಲರ ನಡುವೆ ನಾನು ಮರೆಯಲಾರದ ಗಿರಾಕಿ ಎಂದರೆ ಕಂಪ್ಲಿಯ ಧಣಿ. ಅಪ್ಪನ ಕಾಲದಿಂದ ಅಕ್ಕಿ ಮಿಲ್ಲಿನವರು. ಸಂಡೂರಿನ ಕಡೆ ಕಬ್ಬಿಣದ ಅದಿರಿನ ಒಂದು ಗುಡ್ಡದಲ್ಲಿ ಪಾಲು ಸಿಕ್ಕಿತು. ಗುಡ್ಡ ಇಳಿದ ಹಾಗೆ ಇವರು ಏರಿದರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಬಿಳಿ ಬೂಟು, ಹಣೆ ತುಂಬ ವಿಭೂತಿ. ನಾನು ಹಿಂದೊಮ್ಮೆ ಪ್ರೈವೇಟ್ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆನಾದ್ದರಿಂದ ನನ್ನನ್ನು 'ಟಿಕೆಟ್ ಮಾಸ್ತರ್' ಅಂತ ಕರೆಯುತ್ತಿದ್ದರು.

ಒಂದು ಫೋಟೋ

ಒಂದು ದಿನ ಧಣಿ ಬಂದು ಕುಂತವರು ಚಹಾ ಬಂದರೂ ಕುಡಿಯಲಿಲ್ಲ. ಸಂಡೂರಿನ ಇನ್ನೊಬ್ಬ ಅದಿರಿನವರ ಆಫೀಸಿಗೆ ಹೋಗಿದ್ದರಂತೆ. ಅಲ್ಲಿ ಕುರ್ಚಿಯ ಹಿಂದೆ, ದೇವರ ಫೋಟೋ ಇರಬೇಕಾದ ಜಾಗದಲ್ಲಿ, ಆ ಮನುಷ್ಯ ಒಂದು ದೊಡ್ಡ ಮೀನು ಹಿಡಿದು ನಿಂತ ಫೋಟೋ ಇತ್ತಂತೆ. ಅಂಡಮಾನಿನಲ್ಲಿ ಇಡೀ ದೋಣಿಯನ್ನೇ ಬಾಡಿಗೆಗೆ ಹಿಡಿದು, ನಡುಸಮುದ್ರಕ್ಕೆ ಹೋಗಿ, ಗಾಳ ಹಾಕಿ ಹಿಡಿದದ್ದು. ಮಾತಿಗೆ ಕೂತ ಅರ್ಧ ಗಂಟೆಯಲ್ಲಿ ಆ ಮನುಷ್ಯ ಅದಿರಿನ ವಿಷಯ ಎರಡು ಸಲ, ಮೀನಿನ ವಿಷಯ ಒಂಬತ್ತು ಸಲ ತೆಗೆದನಂತೆ.

ತಮಗೂ ಅಂಥದೇ ದೋಣಿ ಬೇಕು, ಮೀನು ಅದಕ್ಕಿಂತ ದೊಡ್ಡದು ಬೇಕು, ಅಂದರು. ವಿಮಾನದ ಟಿಕೆಟ್ ನಾನು ಕೊಡಿಸಬಹುದು, ಮೀನಿನ ಅಳತೆ ನನ್ನ ಕೈಯಲ್ಲಿಲ್ಲ ಅಂದೆ. ಧಣಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೆ ಇನ್ನೊಂದು ಅನುಮಾನ. ಇವರು ಲಿಂಗ ಕಟ್ಟಿದ ಮನೆಯವರು. ಮೀನು ದೂರದ ಮಾತು, ಮೊಟ್ಟೆ ಹಾಕಿರಬಹುದು ಅಂತ ಕೇಕು ಸಹ ಮುಟ್ಟದವರು. ಅದನ್ನೇ ಮೆಲ್ಲಗೆ ಕೇಳಿದೆ.

"ಮಾಸ್ತರ, ನಾನು ಅದಿರು ತಿಂತೀನೇನು?" ಅಂದರು ಧಣಿ. "ತಗಿಯೋದು ಬಿಟ್ಟೀನೇನು?"

ತಾಲೀಮು

ದೋಣಿಯವರು ಕಳಿಸಿದ ಬಣ್ಣದ ಹಾಳೆಯಲ್ಲಿ ಒಂದು ಕುರ್ಚಿಯ ಚಿತ್ರ ಇತ್ತು. ದೊಡ್ಡ ಮೀನು ಗಾಳಕ್ಕೆ ಬಿದ್ದರೆ ಆ ಕುರ್ಚಿಯಲ್ಲಿ ಕೂತು, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಎಳೆಯಬೇಕು, ಕುರ್ಚಿ ಮೀನು ಹೋದ ಕಡೆಗೆ ತಿರುಗುತ್ತದೆ, ಅಂತ ಓದಿ ಹೇಳಿದೆ. ಧಣಿಗೆ ಬಹಳ ಹಿಡಿಸಿತು. ಹಂಗಾದರೆ ಹೋಗೋದಕ್ಕೆ ಮುಂಚೆ ಇಲ್ಲೇ ಒಂದಿಷ್ಟು ರೂಢಿ ಮಾಡಿಕೊಳ್ಳೋಣ ಅಂದರು.

ಬುಕ್ಕಸಾಗರದ ಹತ್ತಿರ ಹೊಳೆಯಲ್ಲಿ ಒಬ್ಬ ಅಜ್ಜ ತೆಪ್ಪ ಹಾಕಿ ಬಲೆ ಬೀಸುತ್ತಿದ್ದ. ಬೆತ್ತದ ಹಾಗೆ ಸಣ್ಣ ಆಳು, ಕೈ ಮಾತ್ರ ಮೊಣಕೈಯಿಂದ ಬೆರಳ ತನಕ ಹಗ್ಗ ಹೊಸೆದ ಹಾಗೆ ಗಟ್ಟಿ, ಬಲಗೈಯಲ್ಲಿ ತಾಮ್ರದ ಕಡಗ. ಧಣಿಯ ಭಾವಮೈದುನ ಅವನನ್ನು ಗೊತ್ತು ಮಾಡಿದ. ಈ ಭಾವಮೈದುನನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಧಣಿ ಏನು ಅಂದರೂ "ಹೌದು ಮಾಮ" ಅನ್ನುವುದು ಅವನ ಉದ್ಯೋಗ. ಆ ಉದ್ಯೋಗದಲ್ಲಿ ಅವನು ಎರಡು ಕಾರು ಕೊಂಡಿದ್ದ.

ಧಣಿ ತಮ್ಮ ಕ್ರಷರ್ ಆಫೀಸಿನಿಂದ ತಿರುಗುವ ಕುರ್ಚಿ ತರಿಸಿ ತೆಪ್ಪದ ನಟ್ಟನಡುವೆ ಇಡಿಸಿದರು. ತೆಪ್ಪ ಅಂದರೆ ಗುಂಡಗಿನ ಬುಟ್ಟಿ, ತಿರುಗುವುದೇ ಅದರ ಸ್ವಭಾವ. ಧಣಿ ಕುರ್ಚಿ ಏರಿ, ಸೊಂಟಕ್ಕೆ ಲಾರಿಯ ಟಾರ್ಪಾಲು ಬಿಗಿಯುವ ಹಗ್ಗ ಕಟ್ಟಿಸಿಕೊಂಡು, ಹೊಸ ಗಾಳದ ಕೋಲು ಹಿಡಿದು ಕೂತರು. ಅಜ್ಜ ಹುಟ್ಟು ಹಾಕಿದ. ತೆಪ್ಪ ಬಲಕ್ಕೆ ತಿರುಗಿತು, ಕುರ್ಚಿ ಎಡಕ್ಕೆ ತಿರುಗಿತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಇಟ್ಟುಕೊಂಡರು. ಹಂಪಿ ನೋಡೋಕೆ ಬಂದಿದ್ದ ಇಬ್ಬರು ಫಾರಿನ್ನಿನವರು ಇದೂ ಯಾವುದೋ ವಿಜಯನಗರ ಕಾಲದ ಪದ್ಧತಿ ಅಂದುಕೊಂಡು ಫೋಟೋ ತೆಗೆದರು. ಕಾಲು ಗಂಟೆಯಲ್ಲಿ ಗಾಳಕ್ಕೆ ಸಿಕ್ಕಿದ್ದು ತೆಪ್ಪದ ಅಂಚಿಗೆ ಕೂತಿದ್ದ ಭಾವಮೈದುನನ ಶರ್ಟಿನ ಕಾಲರು ಒಂದೇ.

ದಂಡೆಗೆ ಬಂದ ಮೇಲೆ ಧಣಿ ಕಣ್ಣು ಮುಚ್ಚಿ ಕುರ್ಚಿಯಲ್ಲೇ ಒರಗಿದರು. ಏನು ತಪ್ಪಾಯಿತು ಅಂತ ಅಜ್ಜನನ್ನು ಕೇಳಿದರು.

"ಧಣೇರ, ಒಂದಾ ತೆಪ್ಪ ತಿರುಗಬೇಕು, ಇಲ್ಲಾಂದ್ರ ಕುರ್ಚಿ ತಿರುಗಬೇಕು," ಅಂದ ಅಜ್ಜ. "ಎರಡೂ ತಿರುಗಿದ್ರ ನಡುವ ಇದ್ದೋರ ತಲಿ ತಿರುಗತೈತಿ."

ನೀರಿನ ವಿದ್ಯೆ ಬಲ್ಲವನು ಅಂತ ಧಣಿ ಅವನನ್ನೂ ಅಂಡಮಾನಿಗೆ ಹೊರಡಿಸಿದರು. ಇಂಗ್ಲಿಷ್ ಬಲ್ಲವನು ಅಂತ ನನ್ನನ್ನು. ಭಾವಮೈದುನ ಹೇಗೂ ಇದ್ದೇ ಇದ್ದ.

ಬಾಳೆಗೊನೆ

ಹೊರಡುವ ಹಿಂದಿನ ದಿನ ಧಣಿಯ ಹೆಂಡತಿ ನನಗೆ ಫೋನ್ ಮಾಡಿದರು. ಬಹಳ ಗಂಭೀರವಾದ ಹೆಣ್ಣುಮಗಳು. ಅವರು ಮೀನು ಹಿಡಿಯಲಿ, ತಿಮಿಂಗಿಲ ಹಿಡಿಯಲಿ, ಆದರೆ ಮೀನು ಮುಟ್ಟಿದ ಕೈಯಲ್ಲಿ ನನ್ನ ಮನೆ ಬಾಗಿಲು ಮುಟ್ಟುವ ಹಾಗಿಲ್ಲ, ಇದನ್ನು ನೀವೇ ನೋಡಿಕೊಳ್ಳಬೇಕು, ಅಂದರು. ದೋಣಿ ಪೂಜೆಗೆ ಅಂತ ಒಂದು ಇಡೀ ಗೊನೆ ಸುಗಂಧಿ ಬಾಳೆಹಣ್ಣನ್ನೂ ಕಟ್ಟಿಸಿ ಕೊಟ್ಟರು. ಅದು ನಮ್ಮ ಜೊತೆ ಬೆಂಗಳೂರು, ಮದ್ರಾಸು ದಾಟಿ ವಿಮಾನದಲ್ಲಿ ಪೋರ್ಟ್ ಬ್ಲೇರಿಗೆ ಬಂತು.

ಸೋಮವಾರ ಬೆಳಗ್ಗೆ ಏಳಕ್ಕೆ ದೋಣಿಯ ಹತ್ತಿರ ಹೋದೆವು. ಹಾಲಿನಂಥ ಬಿಳಿ ದೋಣಿ. ಕ್ಯಾಪ್ಟನ್ ಒಬ್ಬ ಬಿಳಿಯ, ಬಿಸಿಲಿಗೆ ಟೊಮೆಟೊ ಹಣ್ಣಾಗಿದ್ದ. ಜೊತೆಗೆ ತೆಲುಗು ಮಾತಾಡುವ ಒಬ್ಬ ಕೆಲಸಗಾರ. ನಾವು ಹತ್ತಿದ ಎರಡೇ ನಿಮಿಷಕ್ಕೆ ದೋಣಿಯ ಮೇಲೆ ಎಂಟು ಕೆಂಪು ಹೆಜ್ಜೆ ಮೂಡಿದವು. ಬೂಟು, ಚಪ್ಪಲಿ, ಬ್ಯಾಗು, ಎಲ್ಲದರಲ್ಲೂ ಸಂಡೂರು ನಮ್ಮ ಜೊತೆಗೇ ಬಂದಿತ್ತು. ಕ್ಯಾಪ್ಟನ್ ಇದು ಯಾವ ಬಣ್ಣ ಅಂತ ಕೇಳಿ, ಎಲ್ಲರ ಕಾಲು ತೊಳೆಸಿದ. ಆಮೇಲೆ ಧಣಿ ತೆಂಗಿನಕಾಯಿ ಒಡೆದು, ಗೊನೆ ಮುಂದಿಟ್ಟು ಊದಿನಕಡ್ಡಿ ಹಚ್ಚಿದರು.

ಕ್ಯಾಪ್ಟನ್ ಗೊನೆ ನೋಡಿದ್ದೇ ಹಾವು ನೋಡಿದ ಹಾಗೆ ಹಿಂದೆ ಸರಿದ. ಮೀನಿಗೆ ಹೋಗುವ ದೋಣಿಯಲ್ಲಿ ಬಾಳೆಹಣ್ಣು ಇರಲೇಬಾರದಂತೆ. ಒಂದು ಹಣ್ಣಿದ್ದರೂ ಮೀನು ಸಿಗುವುದಿಲ್ಲ, ಎಂಜಿನ್ ಕೆಡುತ್ತದೆ, ಇದು ಸಮುದ್ರದವರ ಹಳೆಯ ನಂಬಿಕೆ, ಗೊನೆ ಇಳಿಯದೆ ದೋಣಿ ಬಿಡುವುದಿಲ್ಲ ಅಂದ. ದೇವರಿಗೆ ತೋರಿಸಿದ ಹಣ್ಣನ್ನು ನಾವು ಎಸೆಯುವ ಹಾಗೂ ಇಲ್ಲ, ಕಂಡವರ ಕಾಲ್ದಾರಿಯಲ್ಲಿ ಬಿಟ್ಟು ಹೋಗುವ ಹಾಗೂ ಇಲ್ಲ. ಉಳಿದದ್ದು ಒಂದೇ ದಾರಿ. ನಾವು ನಾಲ್ಕೂ ಜನ ಕೆಳಗಿಳಿದು ಕಟ್ಟೆಯ ಮೇಲೆ ಸಾಲಾಗಿ ಕೂತು ತಿನ್ನಲು ಶುರು ಮಾಡಿದೆವು. ತೆಲುಗಿನವನೂ ಎರಡು ತಿಂದು ಸಹಾಯ ಮಾಡಿದ.

ಧಣಿಗೆ ಆ ಬಿಳಿಯನನ್ನು ಕಂಡು ಮರುಕವೇ ಹುಟ್ಟಿತು. "ಇಂಥೋರು ನಮ್ಮನ್ನ ಇನ್ನೂರು ವರ್ಷ ಹೆಂಗ ಆಳಿದ್ರು ಮಾಸ್ತರ? ಬಾಳಿಹಣ್ಣಿಗೆ ಹೆದರತಾನ. ಎಂಥಾ ಮೂಢನಂಬಿಕಿ," ಅಂದು ವಾಚು ನೋಡಿಕೊಂಡರು. "ಜಲ್ದಿ ಜಲ್ದಿ ನುಂಗ್ರಿ, ಏಳೂವರಿಗೆ ರಾಹುಕಾಲ ಬರತೈತಿ."

ಯಾರಿಗೆ ಫೋನ್ ಮಾಡೋದು

ರಾಹುಕಾಲಕ್ಕೆ ಮೂರು ನಿಮಿಷ ಮೊದಲೇ ಹೊರಟೆವು. ತಲೆಗೆ ಹದಿನೈದು ಬಾಳೆಹಣ್ಣು, ಅದರ ಕೆಳಗೆ ನಸುಕಿನಲ್ಲಿ ತಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ದಂಡೆ ಕಣ್ಣಿಗೆ ಕಾಣುವ ತನಕ ಧಣಿ ಕೈ ಬೆನ್ನಿಗೆ ಕಟ್ಟಿಕೊಂಡು ಸಮುದ್ರವನ್ನು ತಾವು ಕೊಳ್ಳಬೇಕಾದ ಹೊಲ ನೋಡಿದ ಹಾಗೆ ನೋಡಿದರು. ದಂಡೆ ಮರೆಯಾಯಿತು, ಅಲೆ ಶುರುವಾಯಿತು.

ಮೊದಲು ಬಿದ್ದವನು ಭಾವಮೈದುನ. ದರೋಜಿಯ ಕರಡಿ ಬಂಡೆ ಇಳಿಯುವ ಹಾಗೆ ನಾಲ್ಕು ಕಾಲಲ್ಲಿ ಅಂಚಿಗೆ ಹೋಗಿ, ದೇವರ ಪ್ರಸಾದವನ್ನು ಸಮುದ್ರರಾಜನಿಗೆ ಒಪ್ಪಿಸಿದ. ಎರಡನೆಯವನು ನಾನು. ಅಜ್ಜ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವಂತೆ ಎಲೆ ಅಡಿಕೆ ಹಾಕಿಕೊಂಡು ತೆಲುಗಿನವನ ಜೊತೆ ಬಲೆಯ ಕಣ್ಣಿನ ಅಳತೆಯ ಬಗ್ಗೆ ಮಾತಾಡುತ್ತಿದ್ದ. ಕ್ಯಾಪ್ಟನ್ ನಮ್ಮನ್ನು ನೋಡಿ, ಬಾಳೆಹಣ್ಣು ಹೊಟ್ಟೆಯೊಳಗೆ ಬಂದರೂ ದೋಣಿಯೊಳಗೆ ಬಂದ ಹಾಗೇ ಲೆಕ್ಕ, ನನಗೆ ಇದು ಹೊಳೆಯಲೇ ಇಲ್ಲ ಅಂತ ತಲೆ ಚಚ್ಚಿಕೊಂಡ.

ಧಣಿ ಬೀಳಲಿಲ್ಲ. ಹಲ್ಲು ಕಚ್ಚಿ ಕುಂತು, ಮುಖ ಹಸಿರಾಗಿ, ಅಲೆ ಸ್ವಲ್ಪ ಕಡಿಮೆ ಮಾಡಲು ಕ್ಯಾಪ್ಟನ್‌ಗೆ ಹೇಳಿ ಅಂದರು. ಅದು ಅವನ ಕೈಯಲ್ಲಿಲ್ಲ ಅಂದೆ. ಹಾಗಾದರೆ ಎಂಜಿನ್ ಬಂದ್ ಮಾಡಿಸಿ ಅಂದರು. ಮಾಡಿದ. ನಿಂತ ದೋಣಿ ಓಡುವ ದೋಣಿಗಿಂತ ಹೆಚ್ಚು ತೂಗಾಡುತ್ತದೆ ಅನ್ನುವುದು ಆಗ ನಮಗೆ ತಿಳಿಯಿತು. ಧಣಿ ಎರಡು ಜೇಬಿನಿಂದ ಎರಡು ಮೊಬೈಲು ತೆಗೆದರು. ಅವರ ಲಾರಿ ಎಲ್ಲಿ ನಿಂತರೂ, ಯಾವ ಚೆಕ್‌ಪೋಸ್ಟಿನಲ್ಲಿ ಯಾರು ತಡೆದರೂ, ಒಂದು ಫೋನಿನಲ್ಲಿ ಕೆಲಸ ಆಗುತ್ತಿತ್ತು. ಇಲ್ಲಿ ಎರಡರಲ್ಲೂ ಸಿಗ್ನಲ್ ಇಲ್ಲ. ಸಿಕ್ಕರೂ ಯಾರಿಗೆ ಮಾಡುವುದು ಅನ್ನುವುದೇ ಅವರ ಚಿಂತೆ.

"ಮಾಸ್ತರ," ಅಂದರು ಕ್ಷೀಣ ಧ್ವನಿಯಲ್ಲಿ, "ಈ ಸಮುದ್ರ ಯಾರ ಕೈಯಾಗ ಬರತೈತಿ? ಫಾರೆಸ್ಟಿನೋರದೋ, ಕಂದಾಯದೋರದೋ?"

ಗಡಿ

ಹತ್ತು ಗಂಟೆಗೆ ಗಾಳಿ ಇಳಿಯಿತು, ನಮಗೂ ಜೀವ ಬಂತು. ಎರಡು ಗಂಟೆ ಗಾಳ ಎಳೆದುಕೊಂಡು ಹೋದರೂ ಏನೂ ಸಿಗಲಿಲ್ಲ. ದೂರದಲ್ಲಿ ಒಂದು ದ್ವೀಪ, ಅದರ ಈಚೆ ನೀರಿನ ಮೇಲೆ ಹಕ್ಕಿಗಳು ಕಿಕ್ಕಿರಿದು ಮುಳುಗೇಳುತ್ತಿದ್ದವು. ಹಕ್ಕಿ ಇದ್ದಲ್ಲಿ ಮೀನು ಇರುತ್ತದೆ, ದೋಣಿ ಆ ಕಡೆ ತಿರುಗಿಸಲಿ, ಅಂದ ಅಜ್ಜ. ಕ್ಯಾಪ್ಟನ್ ಆಗುವುದಿಲ್ಲ ಅಂದ. ಅಲ್ಲಿಂದ ಆಚೆ ಸರ್ಕಾರದ ರಕ್ಷಿತ ಪ್ರದೇಶ, ಯಾರೂ ಮೀನು ಹಿಡಿಯುವಂತಿಲ್ಲ, ಹೋದರೆ ನನ್ನ ಲೈಸೆನ್ಸೇ ಹೋಗುತ್ತದೆ ಅಂದ.

ಬೆಳಗಿನಿಂದ ಮೊದಲ ಬಾರಿಗೆ ಧಣಿಗೆ ತಮಗೆ ಗೊತ್ತಿರುವ ವಿಷಯ ಕಿವಿಗೆ ಬಿದ್ದಿತ್ತು. ನೆಟ್ಟಗೆ ಕೂತರು. ಗಡಿ ಅಂತ ಹೇಗೆ ಗೊತ್ತು ಮಾಡುತ್ತೀರಿ, ಕಲ್ಲು ಎಲ್ಲಿದೆ ಅಂತ ಕೇಳಿಸಿದರು. ಕ್ಯಾಪ್ಟನ್ ನೀರಿನಲ್ಲಿ ತೇಲುತ್ತಿದ್ದ ಒಂದು ಕಿತ್ತಳೆ ಬಣ್ಣದ ದೊಡ್ಡ ಚೆಂಡನ್ನು ತೋರಿಸಿದ. ಅದನ್ನು ಕೆಳಗೆ ಯಾವುದರಿಂದ ಕಟ್ಟಿದ್ದಾರೆ ಅಂತ ಕೇಳಿಸಿದರು. ಹಗ್ಗದಿಂದ ಅಂದ. ಧಣಿಯ ಮುಖದಲ್ಲಿ ಬಣ್ಣವೇ ಮರಳಿತು.

"ಹಗ್ಗದ್ದಾ? ಮಾಸ್ತರ, ನಾವು ಸಿಮೆಂಟ್ ಹಾಕಿ ನೆಟ್ಟ ಕಲ್ಲಾ ಜರುಗಿಸೀವಿ. ಇದನ್ನ ಆಕಡೆ ಒಂದರ್ಧ ಮೈಲು ತಳ್ಳಾಕ ಎಷ್ಟೊತ್ತು ಬೇಕು ಕೇಳ್ರಿ."

"ಹೌದು ಮಾಮ," ಅಂದ ಭಾವಮೈದುನ, ಮಲಗಿದಲ್ಲಿಂದಲೇ.

ಕ್ಯಾಪ್ಟನ್ ಏನಂತೆ ಅಂತ ನನ್ನ ಮುಖ ನೋಡಿದ. ನನ್ನ ಇಂಗ್ಲಿಷಿನ ಮೇಲೆ ಆಣೆ, ಅಂಥ ಮಾತನ್ನು ಅನುವಾದ ಮಾಡುವ ಧೈರ್ಯ ನನಗಿರಲಿಲ್ಲ. ನಮ್ಮ ಧಣಿಯವರಿಗೆ ಊರಿನಲ್ಲಿ ಕಾಡಿನ ಗಡಿಗಳ ಬಗ್ಗೆ ಬಹಳ ವರ್ಷದ ಅನುಭವ ಇದೆ ಅಂದೆ. ಕ್ಯಾಪ್ಟನ್ ಎದ್ದು ಬಂದು ಧಣಿಯ ಕೈ ಹಿಡಿದು ಕುಲುಕಿದ. ಪ್ರಕೃತಿಯನ್ನು ಕಾಪಾಡುವ ಗಿರಾಕಿ ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ್ದು ಇವರೊಬ್ಬರೇ ಅಂದ.

ತೆಗೆದದ್ದು, ಇಟ್ಟದ್ದು

ಮಧ್ಯಾಹ್ನ ಒಂದು ಗಂಟೆಗೆ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ತೆಲುಗಿನವನು ಓಡಿ ಬಂದು ಧಣಿಯನ್ನು ಕುರ್ಚಿಗೆ ಕೂಡಿಸಿ ಬೆಲ್ಟು ಬಿಗಿದ. ಇನ್ನು ಎಳೆಯಿರಿ ಅಂದ. ಧಣಿ ಎಳೆದರು. ಹತ್ತು ನಿಮಿಷ ಸ್ವಂತ ಕೈಯಿಂದ ಕೆಲಸ ಮಾಡಿ ಅವರಿಗೆ ಎಷ್ಟು ವರ್ಷವಾಗಿತ್ತೋ, ಬೆವರು ಕಣ್ಣಿಗಿಳಿಯಿತು, ವಿಭೂತಿ ಬಾಯಿಗೆ ಬಂತು. ಆಮೇಲೆ ಅಜ್ಜ ಹಿಂದಿನಿಂದ ಕೈ ಹಾಕಿದ. ಅರ್ಧ ಗಂಟೆಯಾದ ಮೇಲೆ ನೋಡಿದರೆ ಎಳೆಯುತ್ತಿದ್ದವನು ಅಜ್ಜ, ಧಣಿ ಕುರ್ಚಿಯ ಭಾರಕ್ಕೆ ಕೂತಿದ್ದರು. ಸಂಡೂರಿನಲ್ಲೂ ವ್ಯವಸ್ಥೆ ಹೆಚ್ಚುಕಡಿಮೆ ಹೀಗೇ ಇತ್ತು.

ಮೀನು ಮೇಲೆ ಬಂತು. ಕ್ಯಾಪ್ಟನ್ ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದ, ನನಗೆ ನೆನಪಿಲ್ಲ. ಬೆಳ್ಳಿಯ ಬಣ್ಣ, ಕಿಟಕಿ ಬಾಗಿಲಿನಷ್ಟು ಅಗಲ, ಒಳ್ಳೆ ಬೆಳೆದ ಆಡಿನಷ್ಟು ತೂಕ. ಸಂಡೂರಿನವನ ಫೋಟೋದ ಮೀನು ಇದರ ಮುಂದೆ ಮರಿ ಅಂತ ಭಾವಮೈದುನ ಎದ್ದು ಕೂತು ಸಾಕ್ಷಿ ಹೇಳಿದ. ಧಣಿಗೆ ಕಣ್ಣಲ್ಲಿ ನೀರೇ ಬಂತು. ಐಸಿನ ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಒಯ್ದು, ಒಳಗೆ ಹತ್ತಿ ತುಂಬಿಸಿ, ಆಫೀಸಿನ ಗಾಜಿನ ಕಪಾಟಿನಲ್ಲಿ ಇಡಿಸುವ ಯೋಜನೆ ಅಲ್ಲೇ ತಯಾರಾಯಿತು.

ಆಗ ಕ್ಯಾಪ್ಟನ್ ಹೇಳಿದ, ಒಂದು ಫೋಟೋ ತೆಗೆದುಕೊಂಡು ಬೇಗ ವಾಪಸ್ ನೀರಿಗೆ ಬಿಡಬೇಕು, ಇದು ನನ್ನ ದೋಣಿಯ ನಿಯಮ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಧಣಿ ನಾನೇ ತಪ್ಪು ತಿಳಿದುಕೊಂಡಿದ್ದೇನೆ ಅಂದುಕೊಂಡು ಮತ್ತೊಮ್ಮೆ ಕೇಳಿಸಿದರು. ಆಮೇಲೆ ಬಹಳ ಸಮಾಧಾನದಿಂದ, ದಡ್ಡ ಹುಡುಗನಿಗೆ ಹೇಳುವ ಹಾಗೆ ಹೇಳಿದರು.

"ಅವಂಗ ತಿಳಿಸಿ ಹೇಳ್ರಿ ಮಾಸ್ತರ. ನಾವು ಸಂಡೂರು ಗುಡ್ಡದಾಗ ಇಷ್ಟ ವರ್ಷ ತಗದೀವಿ. ಒಂದ ಬುಟ್ಟಿ ಆದ್ರೂ ವಾಪಸ್ ಇಟ್ಟೀವೇನು?"

ಕ್ಯಾಪ್ಟನ್ ಬಗ್ಗಲಿಲ್ಲ. ಈ ವಾದ ನಡೆದಿರುವಾಗ ಅಜ್ಜ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಧಣಿಯ ಪಕ್ಕಕ್ಕೆ, ಒಂದು ಹೆಜ್ಜೆ ಹಿಂದೆ ನಿಂತಿದ್ದ. ಹೆಂಡತಿಯ ಮಾತು ನೆನಪಿಟ್ಟುಕೊಂಡು ಧಣಿ ಮುಟ್ಟಲಿಲ್ಲ. ಆದರೆ ನೋಡಿದರು. ಮೀನಿನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ದೊಡ್ಡ ಗುಂಡನೆಯ ಕಣ್ಣು ಧಣಿಯನ್ನೇ ನೋಡುತ್ತಿತ್ತು. ಅಷ್ಟು ಹತ್ತಿರದಿಂದ ಒಂದು ಜೀವ ಒದ್ದಾಡುವುದನ್ನು ಅವರು ನೋಡಿರಲಿಲ್ಲ ಅಂತ ಕಾಣುತ್ತದೆ. ಗುಡ್ಡ ಒದ್ದಾಡುವುದಿಲ್ಲವಲ್ಲ. ಮಾತು ಅರ್ಧಕ್ಕೆ ನಿಂತಿತು. ಕೈಗಳು ತಾವಾಗಿಯೇ ಕೂಡಿಕೊಂಡವು. ದೇವರ ಮುಂದೆ ನಿಂತ ಹಾಗೆ ನಿಂತು, "ಬಿಡ್ರಿ, ಅದನ್ನ ಬಿಡ್ರಿ," ಅಂದರು. ಆ ಕ್ಷಣದಲ್ಲಿ ಭಾವಮೈದುನ ಫೋಟೋ ತೆಗೆದ. ಅಜ್ಜ ಬಗ್ಗಿ ಮೀನನ್ನು ಮೆಲ್ಲಗೆ ನೀರಿಗೆ ಇಳಿಸಿದ. ಅದು ಒಂದು ಸಲ ಬಾಲ ಬಡಿದು ಆಳಕ್ಕೆ ಹೋಯಿತು.

ನಾನು ನಿಜವಾಗಿ ಕರಗಿಹೋಗಿದ್ದೆ. ದಂಡೆ ಹತ್ತಿರ ಬಂದಾಗ ಧಣಿ ನನ್ನ ಪಕ್ಕಕ್ಕೆ ಬಂದು ಕೂತರು.

"ಮಾಸ್ತರ, ತಗದಿದ್ದನ್ನ ವಾಪಸ್ ಇಟ್ಟಿದ್ದು ನನ್ನ ಜೀವನದಾಗ ಇದಾ ಮೊದಲು," ಅಂದರು. "ಊರಾಗ ಯಾರಿಗೂ ಹೇಳಬ್ಯಾಡ್ರಿ. ಕೆಟ್ಟ ಹೆಸರು ಬರತೈತಿ."

ಫ್ಲೆಕ್ಸು

ಊರಿಗೆ ಬಂದ ಹದಿನೈದು ದಿನಕ್ಕೆ ಧಣಿಯ ಹುಟ್ಟುಹಬ್ಬ. ಅಭಿಮಾನಿಗಳ ಹೆಸರಿನಲ್ಲಿ ಭಾವಮೈದುನ ಹೊಸಪೇಟೆ ಬಸ್ ಸ್ಟ್ಯಾಂಡಿನ ಎದುರಿಗೆ ಎರಡು ಅಂತಸ್ತಿನ ಎತ್ತರದ ಫ್ಲೆಕ್ಸು ಹಾಕಿಸಿದ. ಅದಕ್ಕೆ ಸಮುದ್ರದ ಫೋಟೋನೇ ಆಗಬೇಕು ಅಂತ ಅವನ ಹಟ. ಮೀನು ಧಣಿಯೊಬ್ಬರೇ ಹಿಡಿದ ಹಾಗೆ ಕಾಣಬೇಕು, ಪಕ್ಕದ ಮುದುಕನನ್ನು ತೆಗೆದುಬಿಡು ಅಂತ ಫ್ಲೆಕ್ಸ್ ಅಂಗಡಿಯವನಿಗೆ ಹೇಳಿದ್ದನಂತೆ. ಅಂಗಡಿಯವನಿಗೆ ಆ ವಾರ ಇಂಥ ಹುಟ್ಟುಹಬ್ಬ ಎಂಟು. ಗಡಿಬಿಡಿಯಲ್ಲಿ ಕಂಪ್ಯೂಟರಿನಲ್ಲಿ ಅಜ್ಜನ ತಲೆ ಅಳಿಸಿದ, ಮೈ ಅಳಿಸಿದ, ಕಾಲು ಅಳಿಸಿದ. ಮೀನನ್ನು ಹಿಡಿದ ಕೈ ಅಳಿಸಿದರೆ ಮೀನೂ ಹೋಗುತ್ತದೆ ಅಂತ ಎರಡು ಕೈ ಮಾತ್ರ ಉಳಿಸಿದ. ಅವು ಗಾಳಿಯಲ್ಲಿ ನಿಂತು ಚೆನ್ನಾಗಿ ಕಾಣಲಿಲ್ಲ ಅಂತ ಧಣಿಯ ಮೈಗೆ ಅಂಟಿಸಿದ.

ಬೆಳಗ್ಗೆ ನಾನು ಆಫೀಸು ತೆಗೆಯಲು ಬಂದರೆ ಎದುರಿಗೆ ಜನವೋ ಜನ. ಸಂಡೂರಿನ ಬಸ್ಸಿಗೆ ಹೋಗಬೇಕಾದವರು ಬಸ್ಸು ಬಿಟ್ಟು ನಿಂತಿದ್ದಾರೆ. ಮೇಲೆ ನೋಡಿದೆ. ನೀಲಿ ಸಮುದ್ರ, ಹಣೆಯಲ್ಲಿ ವಿಭೂತಿ, ಬಿಳಿ ತೋಳಿನ ಎರಡು ಕೈ ನಮಸ್ಕಾರ ಮಾಡುತ್ತಿವೆ, ಕಪ್ಪಗಿನ ಇನ್ನೆರಡು ಬರಿಗೈ ಪಕ್ಕಕ್ಕೆ ಚಾಚಿ ಒಂದು ದೊಡ್ಡ ಮೀನು ಹಿಡಿದಿವೆ. ಕಂಪ್ಲಿ ಧಣಿಗೆ ನಾಲ್ಕು ಕೈ. ಒಬ್ಬ ಮುದುಕಿ ಚಪ್ಪಲಿ ಬಿಟ್ಟು ಕೈಮುಗಿದು ಹೋದಳು. ಇದು ಯಾವ ಅವತಾರ ಅಂತ ಕಾಲೇಜು ಹುಡುಗರಲ್ಲಿ ಚರ್ಚೆ ನಡೆದಿತ್ತು.

ಆ ಗುಂಪಿನಲ್ಲಿ ನಮ್ಮ ಅಜ್ಜನೂ ನಿಂತಿದ್ದ. ಮೀನಿನ ಬುಟ್ಟಿ ಕೆಳಗಿಟ್ಟು, ಒಮ್ಮೆ ಫ್ಲೆಕ್ಸು ನೋಡುತ್ತಿದ್ದ, ಒಮ್ಮೆ ತನ್ನ ಕೈ ನೋಡಿಕೊಳ್ಳುತ್ತಿದ್ದ. ಮೇಲೆ ತಾಮ್ರದ ಕಡಗ, ಕೆಳಗೆ ತಾಮ್ರದ ಕಡಗ. ನನಗೆ ಒಳಗೊಳಗೆ ಸಂಕಟವಾಯಿತು. ಸಮುದ್ರದ ನಡುವೆ ಮುಕ್ಕಾಲು ಗಂಟೆ ಎಳೆದವನು ಇವನು. ಕೊನೆಗೆ ಉಳಿಸಿದ್ದು ಕೈ ಮಾತ್ರ, ಅದೂ ಬೇರೆಯವರ ಮೈಗೆ. ಹತ್ತಿರ ಹೋಗಿ, ನಿನ್ನ ಕೈ ಅವು, ಧಣಿಯವರಿಗೆ ಹೇಳಿ ಇದನ್ನು ಇಳಿಸೋಣವೇನು ಅಂತ ಕೇಳಿದೆ.

ಅಜ್ಜ ಬುಟ್ಟಿ ಎತ್ತಿ ತಲೆಗೆ ಇಟ್ಟುಕೊಂಡ.

"ಬ್ಯಾಡ ಬಿಡ್ರಿ ಮಾಸ್ತರ, ಇರ್ಲಿ," ಅಂದ. "ಎರಡ ಕೈಲೆ ಅಷ್ಟ ದೊಡ್ಡ ಗುಡ್ಡ ಹೆಂಗ ಖಾಲಿ ಆತು ಅಂತ ಜನಕ್ಕ ಭಾಳ ದಿನದಿಂದ ಅನುಮಾನ ಇತ್ತು. ಈಗರ ಬಗಿಹರೀಲಿ."